ಪ್ರಿನ್ಸೆಸ್ ರಸ್ತೆಯ ಆ ಪ್ರಿನ್ಸೆಸ್ ಯಾರು?

ಪ್ರಶ್ನೆ: ನಾನು ಮಂಡ್ಯದವಳು. ನಮ್ಮಜ್ಜಿ 1963ರಲ್ಲಿ ಮೈಸೂರಿನ ಪಿ.ಕೆ. ಸ್ಯಾನಿಟೋರಿಯಂ ಅನ್ನೋ ಕ್ಷಯದ ಆಸ್ಪತ್ರೆಯಲ್ಲಿ ಎಂಟು ತಿಂಗಳು ಇದ್ದು, ಗುಣವಾಗಿ ಮನೆಗೆ ಬಂದವರು. ಆಮೇಲೂ ಸಾಯೋವರೆಗೆ ತಮ್ಮ ಲೋಟವನ್ನು ಬೇರೆ ಇಟ್ಟುಕೊಂಡಿದ್ದರು. ನಾವು ಮಕ್ಕಳು ಮುಟ್ಟಿದರೆ ಬೈಯುತ್ತಿದ್ದರು. ಆ ಆಸ್ಪತ್ರೆ ಇರುವ ಕೆ.ಆರ್.ಎಸ್. ರಸ್ತೆಯ ಹೆಸರಿನ ವಿಷಯ ಸುದ್ದಿಗೆ ಬಂದಾಗ ಅದು 'ಪ್ರಿನ್ಸೆಸ್ ರಸ್ತೆ' ಅಂತ ಓದಿದೆ. ಪಿ.ಕೆ. ಅಂದರೆ ಮಹಾರಾಣಿ ಪ್ರತಾಪಕುಮಾರಿ ಅಂತ ನಮ್ಮ ಮನೆಯಲ್ಲಿ ಹೇಳುತ್ತಿದ್ದರು. ನಿಜವಾ? ಯಾರು ಆ ರಾಜಕುಮಾರಿ? ರಾಜನೂ ಅಲ್ಲದ, ರಾಣಿಯೂ ಅಲ್ಲದ ಅರಮನೆಯ ಹೆಣ್ಣುಮಗಳ ಬದುಕು ಹೇಗಿರುತ್ತಿತ್ತು?

ಉತ್ತರ: ನಿಮ್ಮ ಅಜ್ಜಿಯ ಲೋಟದ ಮಾತು ಓದಿ ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ. ಆ ಲೋಟಕ್ಕೂ ನೀವು ಕೇಳಿದ ರಾಜಕುಮಾರಿಗೂ ನಂಟಿದೆ. ಅಲ್ಲಿಗೆ ಆಮೇಲೆ ಬರುತ್ತೇನೆ.

ಮೊದಲು ಹೆಸರು. ಪಿ.ಕೆ. ಅಂದರೆ ಪ್ರತಾಪಕುಮಾರಿ ಅಲ್ಲ. ಅವರು ನಾಲ್ವಡಿ ಕೃಷ್ಣರಾಜ ಒಡೆಯರ ಹೆಂಡತಿ, ಕಾಠಿಯಾವಾಡದ ವಾಣಾ ಎಂಬ ಊರಿನ ರಾಜಮನೆತನದಿಂದ 1900ರಲ್ಲಿ ಮೈಸೂರಿಗೆ ಸೊಸೆಯಾಗಿ ಬಂದವರು. ಇಲ್ಲಿ 'ಪಿ' ಅಂದರೆ ಪ್ರಿನ್ಸೆಸ್, 'ಕೆ' ಅಂದರೆ ಕೃಷ್ಣಾಜಮ್ಮಣ್ಣಿ. ನಾಲ್ವಡಿಯವರ ಒಡಹುಟ್ಟಿದ ಹೆಣ್ಣುಮಗಳು. ಒಬ್ಬರು ಅರಮನೆಗೆ ಬಂದ ಸೊಸೆ, ಇನ್ನೊಬ್ಬರು ಅರಮನೆಯಿಂದ ಹೋದ ಮಗಳು. ಹೆಸರಿನ ಮೊದಲ ಅಕ್ಷರಗಳು ಒಂದೇ ಆಗಿಬಿಟ್ಟವು, ಅಷ್ಟೇ. ನಿಮ್ಮ ಮನೆಯವರು ಹಾಗೆ ತಿಳಿದಿದ್ದರಲ್ಲಿ ತಪ್ಪೇನಿಲ್ಲ. ಮೈಸೂರಿನಲ್ಲೇ ಎಷ್ಟೋ ಜನ ದಿನಾ ಆ ಗೇಟಿನ ಮುಂದೆ ಓಡಾಡುತ್ತಾರೆ, 'ಪಿಕೆಟಿಬಿ' ಅನ್ನೋದು ಒಂದೇ ಪದ ಅನ್ನೋ ಹಾಗೆ ಹೇಳುತ್ತಾರೆ.

ಈಗ ಆ ಮನೆ ಹೇಗಿತ್ತು ಅಂತ ನೋಡೋಣ. ಕೃಷ್ಣಾಜಮ್ಮಣ್ಣಿಯವರ ತಂದೆ ಚಾಮರಾಜೇಂದ್ರ ಒಡೆಯರ್. ಐವತ್ತು ವರ್ಷ ಬ್ರಿಟಿಷರ ಕೈಯಲ್ಲಿದ್ದ ರಾಜ್ಯ 1881ರ ಮಾರ್ಚ್‌ನಲ್ಲಿ ಇವರಿಗೆ ವಾಪಸ್ ಬಂತು. ಒಳ್ಳೆ ಆಡಳಿತ ಶುರುವಾಗಿ ಹದಿಮೂರು ವರ್ಷ ಆಗಿತ್ತು, ಅಷ್ಟರಲ್ಲಿ 1894ರ ಡಿಸೆಂಬರ್ ಕೊನೆಯಲ್ಲಿ ಕಲ್ಕತ್ತಾದಲ್ಲಿ ಗಂಟಲಮಾರಿಯಿಂದ ತೀರಿಕೊಂಡರು. ಆಗ ಅವರಿಗೆ ಮೂವತ್ತೊಂದು ವರ್ಷ. ಹೆಂಡತಿ ಕೆಂಪನಂಜಮ್ಮಣ್ಣಿಯವರಿಗೆ ಇಪ್ಪತ್ತೆಂಟು. ಮಡಿಲಲ್ಲಿ ಐದು ಮಕ್ಕಳು: ಜಯಲಕ್ಷ್ಮಮ್ಮಣ್ಣಿ, ಕೃಷ್ಣಾಜಮ್ಮಣ್ಣಿ, ಚೆಲುವಾಜಮ್ಮಣ್ಣಿ ಅಂತ ಮೂವರು ಹೆಣ್ಣು, ನಾಲ್ವಡಿ ಮತ್ತು ಕಂಠೀರವ ನರಸಿಂಹರಾಜ ಅಂತ ಇಬ್ಬರು ಗಂಡು. ನಾಲ್ವಡಿಗೆ ಹತ್ತು ವರ್ಷ. ಮಗ ದೊಡ್ಡವನಾಗಿ 1902ರಲ್ಲಿ ಅಧಿಕಾರ ವಹಿಸಿಕೊಳ್ಳೋವರೆಗೆ ತಾಯಿಯೇ ರಾಜ್ಯ ನಡೆಸಿದರು. ವಾಣಿವಿಲಾಸ ಸನ್ನಿಧಾನ ಅಂತ ನಾವು ಕರೆಯುವುದು ಅವರನ್ನೇ.

ಇಲ್ಲಿ ಒಂದು ವಿಷಯ ಗಮನಿಸಿ. ಇಬ್ಬರು ಗಂಡುಮಕ್ಕಳ ದಾರಿ ಹುಟ್ಟಿದಾಗಲೇ ಗೊತ್ತಿತ್ತು. ಒಬ್ಬ ಮಹಾರಾಜ, ಇನ್ನೊಬ್ಬ ಯುವರಾಜ. ಹೆಣ್ಣುಮಕ್ಕಳ ದಾರಿಯೂ ಗೊತ್ತಿತ್ತು: ಅರಸು ಮನೆತನಕ್ಕೆ ಮದುವೆ. ಅರಸು ಅಂದರೆ ಒಡೆಯರ ಬೀಗರ ಬಳಗ, ತಲೆಮಾರುಗಳಿಂದ ಅರಮನೆಯ ಜೊತೆ ಹೆಣ್ಣು ಕೊಟ್ಟು ತಂದ ಮನೆಗಳು. ಮದುವೆಯಾದ ಮೇಲೆ ಮಗಳು ರಾಜಕುಮಾರಿಯಾಗೇ ಉಳಿಯುತ್ತಾಳೆ, ಹೆಸರಿನ ಮುಂದೆ 'ಅಮ್ಮಣ್ಣಿ' ಇರುತ್ತದೆ. ಆದರೆ ಹುಟ್ಟುವ ಮಕ್ಕಳು ಅಪ್ಪನ ಕಡೆಯವರು. ಅವರ ಹೆಸರಿನ ಕೊನೆಗೆ ಒಡೆಯರ್ ಬರುವುದಿಲ್ಲ, ಅರಸ್ ಬರುತ್ತದೆ. ಒಂದೇ ತಲೆಮಾರಿನಲ್ಲಿ ಸಿಂಹಾಸನದ ಪಕ್ಕದಿಂದ ದರ್ಬಾರಿನ ಸಾಲಿಗೆ.

ದೊಡ್ಡವರಾದ ಜಯಲಕ್ಷ್ಮಮ್ಮಣ್ಣಿಯವರನ್ನು ಸೋದರಮಾವನಿಗೇ ಕೊಟ್ಟರು. ನಮ್ಮ ಮಂಡ್ಯ, ಮೈಸೂರು ಕಡೆಯ ಹಳ್ಳಿಗಳಲ್ಲಿ ಮಾಡುತ್ತಿದ್ದ ಹಾಗೇ. ಆ ಸೋದರಮಾವ ಕಾಂತರಾಜೇ ಅರಸ್. ವಿಶ್ವೇಶ್ವರಯ್ಯನವರು ರಾಜೀನಾಮೆ ಕೊಟ್ಟ ಮೇಲೆ ದಿವಾನರಾಗಿ 1922ರವರೆಗೆ ಇದ್ದವರು. ಮಿಲ್ಲರ್ ಸಮಿತಿಯ ವರದಿಯಂತೆ ಹಿಂದುಳಿದವರಿಗೆ ಸರ್ಕಾರಿ ಕೆಲಸದಲ್ಲಿ ಪಾಲು ಕೊಡುವ ತೀರ್ಮಾನ ಜಾರಿಗೆ ಬಂದದ್ದು ಇವರ ಕಾಲದಲ್ಲಿ. ಕೃಷ್ಣಾಜಮ್ಮಣ್ಣಿಯವರ ಗಂಡ ಕರ್ನಲ್ ದೇಸರಾಜೇ ಅರಸ್, ಮೈಸೂರು ಸೈನ್ಯದ ಹಿರಿಯ ಅಧಿಕಾರಿ.

ಜಯಲಕ್ಷ್ಮಮ್ಮಣ್ಣಿಯವರ ಮದುವೆ ನಡೆದದ್ದು 1897ರ ಫೆಬ್ರವರಿಯಲ್ಲಿ. ಆ ಮದುವೆಯ ಗಡಿಬಿಡಿಯಲ್ಲೇ ಹಳೇ ಅರಮನೆಗೆ ಬೆಂಕಿ ಬಿತ್ತು. ಮರದ ಅರಮನೆ. ನಿಲ್ಲಲಿಲ್ಲ. ತಂದೆ ಹೋಗಿ ಎರಡು ವರ್ಷ ಆಗಿತ್ತು, ಈಗ ಮನೆಯೂ ಹೋಯಿತು. ಕುಟುಂಬ ಜಗನ್ಮೋಹನ ಅರಮನೆಗೆ ಬಂತು. 1902ರಲ್ಲಿ ನಾಲ್ವಡಿಯವರು ಅಧಿಕಾರ ವಹಿಸಿಕೊಂಡ ಸಮಾರಂಭವೂ ಅಲ್ಲೇ ಆಯಿತು, ವೈಸ್‌ರಾಯ್ ಕರ್ಜನ್ ಬಂದಿದ್ದರು.

ದಸರಾದಲ್ಲಿ ದೀಪ ಹತ್ತಿದಾಗ ನಾವೆಲ್ಲ ಬಾಯಿ ಬಿಟ್ಟುಕೊಂಡು ನೋಡುತ್ತೇವಲ್ಲ, ಆ ಅಂಬಾವಿಲಾಸ ಅರಮನೆಯನ್ನು ಹೆನ್ರಿ ಇರ್ವಿನ್ ಕಟ್ಟಿ ಮುಗಿಸಿದ್ದು 1912ರಲ್ಲಿ. ಕೃಷ್ಣಾಜಮ್ಮಣ್ಣಿ ತೀರಿಕೊಂಡದ್ದು 1904ರಲ್ಲಿ. ಅಂದರೆ ಇವತ್ತು ಪ್ರಪಂಚ 'ಮೈಸೂರು ಅರಮನೆ' ಅನ್ನುವ ಕಟ್ಟಡ ಪೂರ್ತಿಯಾದದ್ದನ್ನು ಆ ಮನೆಯ ಮಗಳೇ ನೋಡಲಿಲ್ಲ. ಅವರು ಕಂಡದ್ದು ಸುಟ್ಟುಹೋದ ಮನೆ, ಆಮೇಲೆ ಸಾರುವೆ ಕಟ್ಟಿದ ಅರ್ಧ ಗೋಡೆಗಳು. ಮೈಸೂರಿಗೆ ಕರೆಂಟ್ ಬಂದದ್ದು 1908ರಲ್ಲಿ. ಆ ಬಲ್ಬುಗಳ ಸಾಲೂ ಅವರ ಕಾಲದ್ದಲ್ಲ. ಶಾಲೆ ಮಕ್ಕಳನ್ನು ಅರಮನೆ ತೋರಿಸಲು ಕರೆದುಕೊಂಡು ಹೋದಾಗಲೆಲ್ಲ ನನಗೆ ಈ ಲೆಕ್ಕ ತಲೆಗೆ ಬರುತ್ತದೆ.

ಬದುಕು ಹೇಗಿತ್ತು ಅಂದಿರಿ. ಊಟ, ಬಟ್ಟೆ, ಆಳುಕಾಳು, ಯಾವುದಕ್ಕೂ ಕೊರತೆ ಇಲ್ಲ. ಆದರೆ ಘೋಷಾ ಇತ್ತು. ಅರಮನೆಯ ಹೆಂಗಸರು ದರ್ಬಾರನ್ನು ಪರದೆ, ಜಾಲಂಧ್ರದ ಹಿಂದಿನಿಂದ ನೋಡುತ್ತಿದ್ದರು. ಒಡಹುಟ್ಟಿದವನು ರತ್ನ ಸಿಂಹಾಸನ ಹತ್ತುವುದನ್ನೂ ಹಾಗೇ ನೋಡಬೇಕು. ವಾಣಿವಿಲಾಸ ಸನ್ನಿಧಾನ ಏಳು ವರ್ಷಕ್ಕೂ ಜಾಸ್ತಿ ರಾಜ್ಯ ನಡೆಸಿದರು, ಮಾರಿಕಣಿವೆ ಅಣೆಕಟ್ಟಿನ ಕೆಲಸಕ್ಕೆ ಕೈ ಹಾಕಿದರು. ಅವರೂ ಗಂಡಸರ ಎದುರು ಬಂದು ಕೂತು ಕಡತ ನೋಡಿದವರಲ್ಲ. ಅದೇ ಊರಲ್ಲಿ ಮಹಾರಾಣಿ ಹೆಣ್ಣುಮಕ್ಕಳ ಶಾಲೆ 1881ರಿಂದಲೂ ಇತ್ತು. ಊರ ಹೆಣ್ಣುಮಕ್ಕಳು ಬೆಳಿಗ್ಗೆ ಶಾಲೆಗೆ ಹೋಗಿ ಸಂಜೆ ಮನೆಗೆ ಬರುತ್ತಿದ್ದ ಊರಲ್ಲಿ, ಆ ಶಾಲೆಗೆ ಆಸರೆ ಕೊಟ್ಟ ಮನೆಯ ಹೆಣ್ಣುಮಕ್ಕಳು ಒಳಗೇ ಇದ್ದರು.

ತವರಿನಿಂದ ಬರುತ್ತಿದ್ದ ದೊಡ್ಡ ಉಡುಗೊರೆ ಅಂದರೆ ಮನೆ. ನಮ್ಮಲ್ಲಿ ಮಗಳಿಗೆ ಮೂಗುಬಟ್ಟು, ಹಸು ಕೊಟ್ಟು ಕಳಿಸುತ್ತಾರಲ್ಲ, ಹಾಗೆ ಅರಮನೆಯಲ್ಲಿ ಬಂಗಲೆ. ಜಯಲಕ್ಷ್ಮಮ್ಮಣ್ಣಿಯವರಿಗೆ ಕುಕ್ಕರಹಳ್ಳಿ ಕೆರೆಯ ಹಿಂದೆ ದಿಬ್ಬದ ಮೇಲೆ ಜಯಲಕ್ಷ್ಮಿ ವಿಲಾಸ, 1905ರದ್ದು. ಅದನ್ನು ಕುವೆಂಪು ಕುಲಪತಿಯಾಗಿದ್ದಾಗ, 1959ರಲ್ಲಿ, ವಿಶ್ವವಿದ್ಯಾಲಯ ಕೊಂಡುಕೊಂಡಿತು. ಅದರ ಸುತ್ತಲೇ ಮಾನಸಗಂಗೋತ್ರಿ ಬೆಳೆಯಿತು. ಚೆಲುವಾಜಮ್ಮಣ್ಣಿಯವರ ಚೆಲುವಾಂಬ ಮ್ಯಾನ್ಷನ್ 1950ರಲ್ಲಿ ಸಿಎಫ್‌ಟಿಆರ್‌ಐ ಅನ್ನೋ ಆಹಾರ ಸಂಶೋಧನೆಯ ಸಂಸ್ಥೆ ಆಯಿತು. ಎಮ್ಮೆ ಹಾಲಿನಿಂದ ಮಗುವಿಗೆ ಒಗ್ಗುವ ಹಾಲಿನ ಪುಡಿ ಮಾಡುವ ವಿಧಾನ ಕಂಡುಹಿಡಿದದ್ದು ಆ ಸಂಸ್ಥೆಯಲ್ಲೇ. ಕೃಷ್ಣಾಜಮ್ಮಣ್ಣಿಯವರ ಪಾಲಿನದು ಕಾರಂಜಿ ಕೆರೆಯ ಹತ್ತಿರದ ಕಾರಂಜಿ ವಿಲಾಸ. ಈಗ ಅಲ್ಲಿ ಅಂಚೆ ಇಲಾಖೆಯ ತರಬೇತಿ ಕೇಂದ್ರವಿದೆ.

ಜಯಲಕ್ಷ್ಮಿ ವಿಲಾಸದ ಬಗ್ಗೆ ಒಂದು ಮಾತು ಜಾಸ್ತಿ ಹೇಳುತ್ತೇನೆ, ನಾನು ಓದುವಾಗ ಅಲ್ಲಿ ಎಷ್ಟೋ ಮಧ್ಯಾಹ್ನ ಕಳೆದಿದ್ದೇನೆ. ಜಾನಪದ ವಸ್ತು ಸಂಗ್ರಹಾಲಯ ಅಲ್ಲಿದೆ. ರಾಜಕುಮಾರಿ ಓಡಾಡಿದ ಕೋಣೆಗಳಲ್ಲಿ ರಾಗಿ ಬೀಸುವ ಕಲ್ಲು, ಕೂರಿಗೆ, ಸೋಮನ ಕುಣಿತದ ಮುಖ, ತೊಗಲುಬೊಂಬೆ. ಒಂದು ದಿನ ಕೆತ್ತನೆಯ ಬಾಗಿಲಿನ ಪಕ್ಕದಲ್ಲಿಟ್ಟಿದ್ದ ಒಂದು ಮೊರವನ್ನು ತುಂಬಾ ಹೊತ್ತು ನೋಡಿದೆ. ಬಿದಿರು ಸವೆದು ಅಂಚಿಗೆ ಬಟ್ಟೆ ಹೊಲಿದಿದ್ದರು, ಹೊಲಿಗೆ ಒಂದೊಂದೂ ಒಂದೊಂದು ಅಳತೆ. ಯಾವ ಹಳ್ಳಿಯ ಹೆಂಗಸೋ ಕೇರಿ ಕೇರಿ ಸವೆಸಿದ ಮೊರ. ಆ ಮನೆಯಲ್ಲಿ ಬಾಳಿದ ಹೆಂಗಸಿನ ಕೈ ಗುರುತು ಇಷ್ಟು ಹತ್ತಿರದಿಂದ ನನಗೆ ಎಲ್ಲೂ ಕಾಣಲಿಲ್ಲ. ಅಂತಃಪುರದ ಹೆಣ್ಣುಮಕ್ಕಳ ಮದುವೆಯ ವರ್ಷ, ಗಂಡನ ಹುದ್ದೆ, ಕಟ್ಟಡದ ಖರ್ಚು ದಾಖಲೆಗೆ ಹೋಯಿತು. ಅವರ ದಿನಗಳು ಹೋಗಲಿಲ್ಲ.

ಕೃಷ್ಣಾಜಮ್ಮಣ್ಣಿಯವರಿಗೆ ಬಂದದ್ದು ಕ್ಷಯ. ನಿಮ್ಮ ಅಜ್ಜಿಗೆ ಬಂದದ್ದೇ.

1904ರಲ್ಲಿ ಕ್ಷಯ ಅಂದರೆ ಏನಿತ್ತು ಅನ್ನೋದನ್ನ ಸ್ವಲ್ಪ ಯೋಚಿಸಿ. ಕಾಯಿಲೆ ತರುವ ಸೂಕ್ಷ್ಮಾಣುವನ್ನು ಜರ್ಮನಿಯ ರಾಬರ್ಟ್ ಕಾಖ್ 1882ರಲ್ಲೇ ತೋರಿಸಿಕೊಟ್ಟಿದ್ದರು. ಯಾಕೆ ಬರುತ್ತದೆ ಅಂತ ಗೊತ್ತಿತ್ತು. ಕೊಲ್ಲುವ ಮದ್ದು ಮಾತ್ರ ಇರಲಿಲ್ಲ. ಸ್ಟ್ರೆಪ್ಟೋಮೈಸಿನ್ ಸಿಕ್ಕಿದ್ದು 1943ರಲ್ಲಿ, ಐಸೋನಿಯಾಜಿಡ್ ಬಳಕೆಗೆ ಬಂದದ್ದು 1952ರಲ್ಲಿ. ಅದಕ್ಕೆ ಮುಂಚೆ ಮಹಾರಾಜನ ಮನೆಯಲ್ಲೂ ಕೂಲಿಯವನ ಮನೆಯಲ್ಲೂ ಇದ್ದದ್ದು ಒಂದೇ ಚಿಕಿತ್ಸೆ: ವಿಶ್ರಾಂತಿ, ಒಳ್ಳೆ ಊಟ, ಶುದ್ಧ ಗಾಳಿ. ಅರಮನೆಗೆ ಮೊದಲೆರಡು ಸುಲಭ. ಮೂರನೆಯದರ ಹತ್ತಿರ ಬಂದರೆ ತೊಡಕು. ಈ ಕಾಯಿಲೆ ಹರಡುವುದು ಗಾಳಿಯಿಂದ. ರೋಗಿ ಕೆಮ್ಮಿದಾಗ ಬಂದ ತೀರಾ ಸಣ್ಣ ಹನಿಗಳು ಮುಚ್ಚಿದ ಕೋಣೆಯಲ್ಲಿ ಗಂಟೆಗಟ್ಟಲೆ ತೇಲುತ್ತಿರುತ್ತವೆ. ಜೊತೆಯಲ್ಲೇ ಮಲಗುವ ಮಕ್ಕಳು ಅದನ್ನೇ ಉಸಿರಾಡುತ್ತಾರೆ. ಬಿಸಿಲು ಬೀಳುವ, ಗಾಳಿ ಆಡುವ ಕಡೆ ಅಪಾಯ ಕಡಿಮೆ. ಪರದೆ ಎಳೆದು, ಒಳಗೇ ಇರಬೇಕಾದ ಹೆಂಗಸರಿಗೆ, ಅವರ ಮಕ್ಕಳಿಗೆ ಅಪಾಯ ಜಾಸ್ತಿ. ಮಾನ ಕಾಯುತ್ತದೆ ಅಂದುಕೊಂಡ ಪರದೆ ಉಸಿರನ್ನು ಕಾಯುವುದಿಲ್ಲ.

ಕೃಷ್ಣಾಜಮ್ಮಣ್ಣಿ ಹೋದರು. ಅವರ ಹೆಣ್ಣುಮಕ್ಕಳನ್ನೂ ಅದೇ ಕಾಯಿಲೆ ಬಿಡಲಿಲ್ಲ.

ವಾಣಿವಿಲಾಸ ಸನ್ನಿಧಾನ ಇದ್ದದ್ದು 1934ರವರೆಗೆ. ಗಂಡ, ಮನೆ, ಮಗಳು, ಮೊಮ್ಮಕ್ಕಳು, ಒಂದಾದ ಮೇಲೆ ಒಂದು. ಮಾರಿಕಣಿವೆ, ಶಿವನಸಮುದ್ರ, ವಿದ್ಯುತ್ತು ಅಂತ ಅವರ ಬಗ್ಗೆ ಭಾಷಣ ಮಾಡುವಾಗ ಇದನ್ನು ಯಾರೂ ಹೇಳುವುದಿಲ್ಲ. ಹೇಳಬೇಕು ಅಂತ ನನಗೆ ಅನ್ನಿಸುತ್ತದೆ.

ಸೋದರಿ ತೀರಿಕೊಂಡಾಗ ನಾಲ್ವಡಿಯವರಿಗೆ ಇಪ್ಪತ್ತರ ಆಸುಪಾಸು, ಅಧಿಕಾರ ಕೈಗೆ ಬಂದು ಎರಡು ವರ್ಷ. ಅವಳ ಹೆಸರಿನಲ್ಲಿ ಒಂದು ಗುಡಿ ಕಟ್ಟಿಸಬಹುದಿತ್ತು, ಛತ್ರ ಕಟ್ಟಿಸಬಹುದಿತ್ತು. ಅದೇ ಆಗಿನ ರೂಢಿ. ಅವರು ಕಟ್ಟಿಸಿದ್ದು ಅವಳನ್ನು ಕೊಂಡುಹೋದ ಕಾಯಿಲೆಗೇ ಒಂದು ಆಸ್ಪತ್ರೆ. ಪ್ರಿನ್ಸೆಸ್ ಕೃಷ್ಣಾಜಮ್ಮಣ್ಣಿ ಸ್ಯಾನಿಟೋರಿಯಂ ಶುರುವಾದದ್ದು 1921ರಲ್ಲಿ. ಸ್ಯಾನಿಟೋರಿಯಂ ಅನ್ನೋದೇ ಆಗ ನಮ್ಮ ಕಡೆಗೆ ಹೊಸದು. ಮದನಪಲ್ಲಿಯ ಹತ್ತಿರದ ಆರೋಗ್ಯವರಂ ಶುರುವಾಗಿದ್ದೇ 1915ರಲ್ಲಿ.

ಜಾಗ ನೋಡಿದರೆ ಯೋಚನೆ ಗೊತ್ತಾಗುತ್ತದೆ. ಆಗಿನ ಊರಿನಿಂದ ಆಚೆ ವಿಶಾಲವಾದ ಬಯಲು, ಮರಗಳು, ಒಂದಕ್ಕೊಂದು ಅಂಟಿಕೊಳ್ಳದ ಕಟ್ಟಡಗಳು. ಸ್ಯಾನಿಟೋರಿಯಂನಲ್ಲಿ ಕೋಣೆಗಿಂತ ಜಗಲಿ ಮುಖ್ಯ. ರೋಗಿಯ ಮಂಚ ಹಗಲೆಲ್ಲ ಅಲ್ಲೇ. ಕೆಮ್ಮು ಬಂದರೆ ಮುಚ್ಚಳದ ಬಟ್ಟಲಲ್ಲಿ ಉಗುಳಬೇಕು, ಹೊತ್ತಿಗೆ ಸರಿಯಾಗಿ ಹಾಲು, ಮೊಟ್ಟೆ, ಮಧ್ಯಾಹ್ನ ಮಾತಾಡದೆ ಮಲಗಬೇಕು. ತಿಂಗಳುಗಟ್ಟಲೆ ಇದೇ. ರಾಜಕುಮಾರಿಯ ಪರದೆಯ ಮನೆಯಲ್ಲಿ ಯಾವುದು ಸಿಗುತ್ತಿರಲಿಲ್ಲವೋ, ಆ ತೆರೆದ ಗಾಳಿಯೇ ಅವರ ಹೆಸರಿನ ಆಸ್ಪತ್ರೆಯಲ್ಲಿ ಮೊದಲ ಮದ್ದು.

ನಿಮ್ಮ ಅಜ್ಜಿ ಹೋದ ಕಾಲಕ್ಕೆ ಗಾಳಿಯ ಜೊತೆ ಮಾತ್ರೆ, ಇಂಜೆಕ್ಷನ್ ಬಂದಿದ್ದವು. ಅದೂ ಅಲ್ಲದೆ 1959ರಲ್ಲೇ ಮದ್ರಾಸಿನ ವೈದ್ಯರು ಒಂದು ದೊಡ್ಡ ವಿಷಯ ತೋರಿಸಿಕೊಟ್ಟಿದ್ದರು: ಮಾತ್ರೆ ಸರಿಯಾಗಿ ನುಂಗಿದರೆ ಮನೆಯಲ್ಲಿದ್ದ ರೋಗಿಯೂ ಸ್ಯಾನಿಟೋರಿಯಂನಲ್ಲಿದ್ದವರ ಹಾಗೇ ಗುಣವಾಗುತ್ತಾನೆ, ಮನೆಯವರಿಗೆ ಅದರಿಂದ ಹೆಚ್ಚಿನ ಅಪಾಯವೂ ಇಲ್ಲ. ಆಮೇಲೆ ಊರೂರಲ್ಲಿ ಸ್ಯಾನಿಟೋರಿಯಂಗಳ ಕಾಲ ಮುಗಿಯುತ್ತಾ ಬಂತು. ಪಿ.ಕೆ. ಜಾಗದಲ್ಲೂ ಈಗ ಜಯದೇವ ಹೃದ್ರೋಗ ಆಸ್ಪತ್ರೆಯಂಥ ದೊಡ್ಡ ಕಟ್ಟಡಗಳಿವೆ.

ಇನ್ನು ಲೋಟದ ವಿಷಯ. ಕ್ಷಯ ಲೋಟದಿಂದ, ತಟ್ಟೆಯಿಂದ, ಬಟ್ಟೆಯಿಂದ ಹರಡುವುದಿಲ್ಲ. ಪೂರ್ತಿ ಚಿಕಿತ್ಸೆ ಪಡೆದು ಗುಣವಾದವರಿಂದ ಹರಡುವ ಮಾತೇ ಇಲ್ಲ. ನಿಮ್ಮ ಅಜ್ಜಿ ಮೊಮ್ಮಕ್ಕಳ ಮೇಲಿನ ಪ್ರೀತಿಗೆ ಹಾಗೆ ಮಾಡಿದರು. ಅವರಿಗೆ ಅಷ್ಟು ವರ್ಷ ಯಾರಾದರೂ ಕೂತು ಇದನ್ನು ಹೇಳಿದ್ದರೆ ಎಷ್ಟು ಚೆನ್ನಾಗಿತ್ತು. ಆ ಲೋಟ ಇನ್ನೂ ಮನೆಯಲ್ಲಿದ್ದರೆ ದಯವಿಟ್ಟು ಅದರಲ್ಲಿ ನೀರು ಕುಡಿಯಿರಿ.

ನೀವು ಕೇಳದಿದ್ದರೂ ಇನ್ನೊಂದು ಹೇಳದೆ ಇರಲಾರೆ. ಹೆಣ್ಣುಮಕ್ಕಳ ಕವಲಿಗೆ ಹೆಸರು ಸಿಗಲಿಲ್ಲ ಅಂದೆನಲ್ಲ, ಸಿಂಹಾಸನ ಮಾತ್ರ ಎರಡು ಸಲ ಅದೇ ಕವಲಿನಿಂದ ಮುಂದುವರಿದಿದೆ. "ತಲಕಾಡು ಮರಳಾಗಿ, ಮಾಲಂಗಿ ಮಡುವಾಗಿ, ಮೈಸೂರು ದೊರೆಗೆ ಮಕ್ಕಳಾಗದೆ ಹೋಗಲಿ" ಅನ್ನೋ ಅಲಮೇಲಮ್ಮನ ಶಾಪದ ಕಥೆ ನಿಮ್ಮ ಕಡೆ ಎಲ್ಲರಿಗೂ ಗೊತ್ತು. ಶಾಪವನ್ನು ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ಆದದ್ದು ಇಷ್ಟು: ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ದತ್ತು ತೆಗೆದುಕೊಂಡದ್ದು ತಮ್ಮ ಮಗಳ ಮಗನನ್ನು, ಬೆಟ್ಟದಕೋಟೆ ಅರಸು ಮನೆತನದ ಎರಡು ವರ್ಷದ ಕೂಸನ್ನು. ಆ ಕೂಸೇ ಚಾಮರಾಜೇಂದ್ರ ಒಡೆಯರ್, ನಮ್ಮ ಕೃಷ್ಣಾಜಮ್ಮಣ್ಣಿಯವರ ತಂದೆ. ಸರಿಯಾಗಿ ನೂರೈವತ್ತು ವರ್ಷದ ಮೇಲೆ, 2015ರಲ್ಲಿ, ಪ್ರಮೋದಾದೇವಿಯವರು ದತ್ತು ತೆಗೆದುಕೊಂಡದ್ದು ಶ್ರೀಕಂಠದತ್ತರ ಅಕ್ಕ ಗಾಯತ್ರಿದೇವಿಯವರ ಮೊಮ್ಮಗನನ್ನು. ಅಲ್ಲಿಯವರೆಗೆ ಯದುವೀರ್ ಗೋಪಾಲರಾಜ್ ಅರಸ್ ಆಗಿದ್ದವರು ಅವತ್ತಿನಿಂದ ಯದುವೀರ್ ಕೃಷ್ಣದತ್ತ ಚಾಮರಾಜ ಒಡೆಯರ್.

ಕೃಷ್ಣಾಜಮ್ಮಣ್ಣಿಯವರ ಸೋದರ ಯುವರಾಜ ಕಂಠೀರವ ನರಸಿಂಹರಾಜರ ಬಗ್ಗೆ ಬೇರೆಯೇ ಬರೆಯಬೇಕು, ಇಲ್ಲಿ ಬೇಡ. ಅವರ ಮಗಳ ಬಗ್ಗೆ ಮಾತ್ರ ಒಂದೆರಡು ಸಾಲು. ವಿಜಯಾದೇವಿ, 1922ರಲ್ಲಿ ಹುಟ್ಟಿದವರು. ಪಿ.ಕೆ. ಸ್ಯಾನಿಟೋರಿಯಂಗಿಂತ ಒಂದು ವರ್ಷ ಚಿಕ್ಕವರು. ವೆಂಕಟಗಿರಿಯಪ್ಪನವರ ಹತ್ತಿರ ವೀಣೆ ಕಲಿತರು, ನ್ಯೂಯಾರ್ಕಿಗೆ ಹೋಗಿ ಪಿಯಾನೋ ಕಲಿತರು, 1974ರಲ್ಲಿ ಬೆಂಗಳೂರಿನಲ್ಲಿ ಸಂಗೀತಕ್ಕಾಗಿ ಒಂದು ಸಂಸ್ಥೆ ಕಟ್ಟಿದರು. ಒಂದೇ ಮನೆ, ಒಂದೇ ತಲೆಮಾರಿನ ಅಂತರ. ಸೋದರತ್ತೆ ಪರದೆಯ ಹಿಂದೆ, ಸೋದರಸೊಸೆ ಸಮುದ್ರದ ಆಚೆ.

ನೋಡಲು ಏನು ಸಿಗುತ್ತದೆ ಅಂತ ಕೇಳುತ್ತೀರೇನೋ, ಅದಕ್ಕೂ ಹೇಳಿಬಿಡುತ್ತೇನೆ. ಮಂಡ್ಯದಿಂದ ರೈಲಿನಲ್ಲಿ ಬನ್ನಿ. ಸ್ಟೇಷನ್ನಿನ ಹತ್ತಿರ ಅದೇ ಕೆ.ಆರ್.ಎಸ್. ರಸ್ತೆಯಲ್ಲಿ ರೈಲ್ವೆ ಮ್ಯೂಸಿಯಂ ಇದೆ. ಅಲ್ಲಿ 'ಮಹಾರಾಣಿ ಸಲೂನ್' ಅನ್ನೋ ಬೋಗಿ ಇಟ್ಟಿದ್ದಾರೆ, 1899ರದ್ದು. ಅಂದರೆ ವಾಣಿವಿಲಾಸ ಸನ್ನಿಧಾನ ಆಳುತ್ತಿದ್ದ ಕಾಲದ್ದು, ಕೃಷ್ಣಾಜಮ್ಮಣ್ಣಿ ಬದುಕಿದ್ದಾಗಿನದು. ಒಳಗೆ ಮಂಚ, ಅಡುಗೆಮನೆ ಎಲ್ಲ ಇದೆ. ನಿಧಾನವಾಗಿ ನೋಡಿ. ಆಮೇಲೆ ಒಂದು ಆಟೋ ಹಿಡಿದು ಅದೇ ರಸ್ತೆಯಲ್ಲಿ ಮುಂದೆ ಹೋದರೆ ಪಿ.ಕೆ. ಗೇಟು ಬರುತ್ತದೆ. ಡ್ರೈವರಿಗೆ 'ಪ್ರಿನ್ಸೆಸ್ ಕೃಷ್ಣಾಜಮ್ಮಣ್ಣಿ ಆಸ್ಪತ್ರೆ' ಅಂತ ಪೂರ್ತಿ ಹೆಸರು ಹೇಳಿ ನೋಡಿ. ಗೊತ್ತಾಗದಿದ್ದರೆ ಪಿಕೆಟಿಬಿ ಅನ್ನಿ.